ಎರಡು ಲಿಪಿಯ ಮನೆಗೆ ಒಂದು ಲ್ಯಾಪ್‌ಟಾಪ್

ತಾಳವಾಡಿ, ಹೊಸೂರು, ಡೆಂಕಣಿಕೋಟೆಯಂಥ ಗಡಿ ತಾಲ್ಲೂಕುಗಳಿಂದ ಕೆಲಸಕ್ಕೆಂದು ಚೆನ್ನೈ ಸೇರಿದ ಕನ್ನಡದ ಮನೆಯೊಂದು ಲ್ಯಾಪ್‌ಟಾಪ್ ಕೊಳ್ಳಲು ಹೊರಟರೆ ಎರಡು ಬಗೆಯ ಲೆಕ್ಕ ಹಾಕಬೇಕಾಗುತ್ತದೆ. ದುಡ್ಡಿನ ಲೆಕ್ಕವನ್ನು ಅಂಗಡಿಯವರು, ನೆಂಟರು, ಆಫೀಸಿನ ಗೆಳೆಯರು ಎಲ್ಲರೂ ಹಾಕಿಕೊಡುತ್ತಾರೆ. ಭಾಷೆಯ ಲೆಕ್ಕ ಹಾಕಿಕೊಡುವವರು ಸಿಗುವುದು ಅಪರೂಪ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲವಾದರೂ, ಮನೆಯೊಳಗೆ ಕನ್ನಡವನ್ನೂ ಶಾಲೆ, ಕಚೇರಿಗಳಲ್ಲಿ ತಮಿಳನ್ನೂ ಬಳಸುವ ಕುಟುಂಬಕ್ಕೆ ಆ ಯಂತ್ರ ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬುದು ಬಹುಪಾಲು ನಿಂತಿರುವುದು ಇದರ ಮೇಲೆಯೇ.

ಇಂಥ ಮನೆಗಳು ಕೆಲಸ ಹುಡುಕಿ ಬರುವ ಜಾಗಕ್ಕೆ ಚೆನ್ನೈಯ ಪಶ್ಚಿಮ ಅಂಚಿನ ಅಂಬತ್ತೂರು ತಕ್ಕ ಉದಾಹರಣೆ. 1964ರಲ್ಲಿ ಇಲ್ಲಿ ಕೈಗಾರಿಕಾ ವಸಾಹತು ಶುರುವಾದ ಮೇಲೆ ಬಹುಕಾಲ ಲೇತ್, ಅಚ್ಚು, ವಾಹನಗಳ ಬಿಡಿಭಾಗಗಳ ಊರಾಗಿದ್ದ ಇದರ ರಸ್ತೆಗಳಲ್ಲೇ ಈಗ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳೂ ಎದ್ದಿವೆ. 2011ರಲ್ಲಿ ಊರು ಚೆನ್ನೈ ಮಹಾನಗರ ಪಾಲಿಕೆಯೊಳಗೆ ಸೇರಿತು. ಬೆಂಗಳೂರಿನ ಬೃಂದಾವನ, ಲಾಲ್‌ಬಾಗ್ ರೈಲುಗಳು ಅಂಬತ್ತೂರಿನ ನಿಲ್ದಾಣವನ್ನು ಹಾದೇ ಸೆಂಟ್ರಲ್ ಸೇರುತ್ತವೆ. ನೈಋತ್ಯಕ್ಕೆ ಶ್ರೀಪೆರುಂಬುದೂರಿನಲ್ಲಿ 2007ರಿಂದ ಡೆಲ್ ಕಂಪನಿಯ ಕಾರ್ಖಾನೆಯಿದೆ. ಕಾರ್ಖಾನೆ ಹತ್ತಿರವಿದ್ದ ಮಾತ್ರಕ್ಕೆ ಬೆಲೆಯೇನೂ ಇಳಿಯುವುದಿಲ್ಲವೆನ್ನುವುದು ಬೇರೆ ಮಾತು.

ದುಡ್ಡಿನ ಲೆಕ್ಕವನ್ನು ಬೇಗ ಮುಗಿಸಬಹುದು. ಅಂಗಡಿಯ ಹುಡುಗ ಕೇಳುವ ಮೊದಲ ಪ್ರಶ್ನೆಯೇ ‘ಬಜೆಟ್ ಎವ್ವಳವು ಸಾರ್?’ (ಬಜೆಟ್ ಎಷ್ಟು ಸಾರ್?) ಎಂಬುದು. ಬಿಲ್ಲಿನಲ್ಲಿ ಶೇ. 18ರ ಜಿಎಸ್‌ಟಿ ಸೇರಿರುವುದರಿಂದ 35,000 ರೂಪಾಯಿಯ ಲ್ಯಾಪ್‌ಟಾಪಿನಲ್ಲಿ ಸುಮಾರು 5,340 ರೂಪಾಯಿ ತೆರಿಗೆಗೆ ಹೋಗಿ, ಯಂತ್ರಕ್ಕೆ ಸಲ್ಲುವುದು 29,660ರಷ್ಟು. ಇದರೊಳಗೆ ನೋಡಬೇಕಾದ ಅಂಗಗಳು ಎರಡು. ರ್ಯಾಮ್ ಎಂದರೆ ಕೆಲಸ ನಡೆಯುತ್ತಿರುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಮೃತಿ. ಇದು 8 ಜಿಬಿಗಿಂತ ಕಡಿಮೆಯಿರಬಾರದು, ಮತ್ತು ಇದನ್ನು ಬೋರ್ಡಿಗೆ ಬೆಸುಗೆ ಹಾಕಿಬಿಟ್ಟಿದ್ದಾರೆಯೋ ಮುಂದೆ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯೋ ಎಂಬುದನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ಇನ್ನೊಂದು, ಕಡತಗಳನ್ನು ಕಾಯಂ ಆಗಿ ಇಡುವ ಜಾಗ: ಇದು ವೇಗದ ಎಸ್‌ಎಸ್‌ಡಿ ಆಗಿದ್ದರೆ ಸರಿ, ತೀರ ಅಗ್ಗದ ಮಾದರಿಗಳಲ್ಲಿ ಬರುವ 64 ಜಿಬಿಯ ಇಎಂಎಂಸಿ ಎಂಬ ನಿಧಾನದ ಚಿಪ್ ಆಗಿದ್ದರೆ ವಿಂಡೋಸಿನ ಅಪ್‌ಡೇಟ್‌ಗಳಿಗೇ ಅದು ಸಾಲದೆ ಹೋಗುತ್ತದೆ. ಚೆನ್ನೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ರಿಚಿ ಸ್ಟ್ರೀಟಿನ ಸೆಕೆಂಡ್‌ಹ್ಯಾಂಡ್ ಯಂತ್ರಗಳು ಅಗ್ಗವೇನೋ ಹೌದು. ಆದರೆ ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಯಂತ್ರವನ್ನು ಕೊಳ್ಳುವವರು ಲಿನಕ್ಸಿಗೆ ಮನಸ್ಸು ಮಾಡಿಕೊಂಡೇ ಕೊಳ್ಳುವುದು ಒಳ್ಳೆಯದು.

ಲಿನಕ್ಸ್ ತಮಿಳುನಾಡಿನ ಸಾಮಾನ್ಯ ಮನೆಗಳಿಗೆ ಅಪರಿಚಿತವೇನಲ್ಲ. 2011ರಲ್ಲಿ ರಾಜ್ಯ ಸರ್ಕಾರ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಲು ತೊಡಗಿದಾಗ ಅವುಗಳಲ್ಲಿ ವಿಂಡೋಸಿನ ಜೊತೆಗೆ ಬಾಸ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನೂ, ಎಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನೂ, ಹಾಕಿ ಕೊಡಲಾಗುತ್ತಿತ್ತು. ಚೆನ್ನೈಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಈ ವ್ಯವಸ್ಥೆ ತಮಿಳಿನಂತೆ ಕನ್ನಡವನ್ನೂ ಬೆಂಬಲಿಸುತ್ತದೆ. ಅಂದರೆ ತಮಿಳುನಾಡು ಸರ್ಕಾರ ಕೊಟ್ಟ ಯಂತ್ರದೊಳಗೇ ಕನ್ನಡವೂ ಕೂತಿತ್ತು, ಗಡಿ ಶಾಲೆಗಳಲ್ಲಿ ಅದನ್ನು ತೆರೆದು ತೋರಿಸುವ ಏರ್ಪಾಡು ಮಾತ್ರ ಯೋಜನೆಯ ಭಾಗವಾಗಿರಲಿಲ್ಲ.

ಹೊಸ ವಿಂಡೋಸ್ ಯಂತ್ರವನ್ನು ಮೊದಲ ಸಲ ಹಚ್ಚಿದಾಗ ಅದು ದೇಶ ಯಾವುದು, ಕೀಲಿಮಣೆ ಯಾವುದು ಎಂದು ಕೇಳುತ್ತದೆ. ದೇಶ ಭಾರತ, ಕೀಲಿಮಣೆ ಭಾರತದ ಇಂಗ್ಲಿಷ್ ಎಂದು ಆರಿಸಿಕೊಂಡರೆ ದಿನಾಂಕ ನಮ್ಮ ಕ್ರಮದಲ್ಲಿ ಬರುತ್ತದೆ, ಬಲಗಡೆಯ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು 4 ಒತ್ತಿದರೆ ರೂಪಾಯಿಯ ಚಿಹ್ನೆ ಮೂಡುತ್ತದೆ. ಕನ್ನಡ, ತಮಿಳುಗಳೆರಡನ್ನೂ ಸೆಟ್ಟಿಂಗ್ಸ್‌ನ ಭಾಷಾ ವಿಭಾಗದಿಂದ ಸೇರಿಸಿಕೊಂಡ ಮೇಲೆ ವಿಂಡೋಸ್ ಕೀಲಿಯನ್ನೂ ಸ್ಪೇಸ್‌ಬಾರನ್ನೂ ಒಟ್ಟಿಗೆ ಒತ್ತಿದಾಗಲೆಲ್ಲ ಭಾಷೆ ಬದಲಾಗುತ್ತದೆ. ಎರಡೂ ಲಿಪಿಗಳನ್ನು ತೋರಿಸುವ ನಿರ್ಮಲಾ ಯುಐ ಎಂಬ ಫಾಂಟ್ ಯಂತ್ರದಲ್ಲೇ ಇರುವುದರಿಂದ ಬೇರೆ ಅಕ್ಷರ ಹುಡುಕುವ ಅಗತ್ಯವಿಲ್ಲ.

ತೊಡಕು ಇರುವುದು ಕೀಲಿಮಣೆಯ ವಿನ್ಯಾಸದಲ್ಲಿ, ಎಂದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಹಂಚಿಕೆಯಲ್ಲಿ. ಕರ್ನಾಟಕ ಸರ್ಕಾರ ಒಪ್ಪಿಕೊಂಡಿರುವುದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಮನೆಮಾತಾಗಿರುವುದು, ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರ ವಿನ್ಯಾಸ. ತಮಿಳುನಾಡು ಒಪ್ಪಿಕೊಂಡಿರುವುದು 1999ರಲ್ಲಿ ಚೆನ್ನೈಯಲ್ಲಿ ನಡೆದ ತಮಿಳ್‌ನೆಟ್ ಸಮ್ಮೇಳನದಿಂದ ಹೊರಟ ತಮಿಳ್ 99. ಒಂದೊಂದೂ ತನ್ನ ಭಾಷೆಗೆ ಸೊಗಸಾಗಿ ಹೊಂದುತ್ತದೆ, ಕೆ.ಪಿ. ರಾವ್ ವಿನ್ಯಾಸ ಇಂಗ್ಲಿಷ್ ಅಕ್ಷರದ ಉಚ್ಚಾರವನ್ನು ಅನುಸರಿಸಿದರೆ, ತಮಿಳ್ 99 ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಲಗೈಗೂ ಹೆಚ್ಚಾಗಿ ಹಂಚಿ, ಒಂದೇ ವ್ಯಂಜನ ಎರಡು ಸಲ ಬಂದರೆ ಮೊದಲನೆಯದಕ್ಕೆ ಪುಳ್ಳಿಯನ್ನು, ಎಂದರೆ ಸ್ವರವಿಲ್ಲವೆಂದು ತೋರಿಸುವ ಚುಕ್ಕೆಯನ್ನು, ತಾನೇ ಹಾಕಿಕೊಳ್ಳುತ್ತದೆ. ಆದರೆ ಎರಡನ್ನೂ ಒಂದೇ ಬೆರಳು ಕಲಿಯಬೇಕಾದಾಗ ಇವು ಒಂದಕ್ಕೊಂದು ಅಡ್ಡ ಬರುತ್ತವೆ. ಇಂಗ್ಲಿಷಿನ ಕೆ ಕೀಲಿಯನ್ನೂ ಎಂ ಕೀಲಿಯನ್ನೂ ಒಂದಾದ ಮೇಲೊಂದು ಒತ್ತಿದರೆ ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಕಮ’ ಮೂಡುತ್ತದೆ. ತಮಿಳ್ 99ರಲ್ಲಿ ಅದೇ ಎರಡು ಕೀಲಿ ತಮಿಳು ಲಿಪಿಯಲ್ಲಿ ‘ಮರ’ ಎಂದು ಬರೆಯುತ್ತವೆ. ಬೆಳಿಗ್ಗೆ ಶಾಲೆಯ ತಮಿಳು ಪಾಠವನ್ನು, ಸಂಜೆ ಊರಿನ ಅಜ್ಜನಿಗೆ ಕನ್ನಡದ ಕಾಗದವನ್ನು ಟೈಪ್ ಮಾಡುವ ಹುಡುಗಿಯ ಕೈ ಯಾವುದನ್ನು ನೆನಪಿಟ್ಟುಕೊಳ್ಳಬೇಕು?

ಇದಕ್ಕೆ ಉತ್ತರ ಎಂದೋ ಸಿದ್ಧವಾಗಿ ಮೂಲೆ ಸೇರಿದೆ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಪ್ರಕಟಿಸಿದ ಮಾನಕದಲ್ಲಿರುವ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸ, ಬ್ರಾಹ್ಮಿಯಿಂದ ಬಂದ ಭಾರತೀಯ ಲಿಪಿಗಳಲ್ಲೆಲ್ಲ ಒಂದೇ ಧ್ವನಿಗೆ ಒಂದೇ ಕೀಲಿಯನ್ನು ಗೊತ್ತುಮಾಡುತ್ತದೆ. ಇದರಲ್ಲಿ ಮಕಾರಕ್ಕೆ ಸಿ, ರಕಾರಕ್ಕೆ ಜೆ. ಕನ್ನಡದಲ್ಲಿ ‘ಮರ’ ಬರೆಯಲು ಈ ಎರಡೇ ಸಾಕು, ತಮಿಳಿನ ‘ಮರಂ’ಗೆ ಅವೆರಡರ ಮೇಲೆ ಇನ್ನೊಮ್ಮೆ ಸಿ ಒತ್ತಿ, ಪುಳ್ಳಿಗಾಗಿ ಡಿ ಒತ್ತಿದರಾಯಿತು. ಕನ್ನಡದಲ್ಲಿ ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಚಿಹ್ನೆಯೂ ಅದೇ ಡಿ ಕೀಲಿಯಲ್ಲಿದೆ. ತಮಿಳು ಲಿಪಿಯಲ್ಲಿ ಇಲ್ಲದ ಖ, ಗ, ದ, ಬ ಮುಂತಾದವುಗಳ ಜಾಗ ತಮಿಳಿಗೆ ಬದಲಾಯಿಸಿದಾಗ ಸುಮ್ಮನೆ ಖಾಲಿ ಉಳಿಯುತ್ತದೆ. ತಮಿಳಿನ ಗಡಸು ಱಕಾರ ಶಿಫ್ಟ್ ಒತ್ತಿದ ಜೆಯಲ್ಲಿದೆ. ಕನ್ನಡದಲ್ಲಿ ಆ ಜಾಗದಲ್ಲಿ ಹಳಗನ್ನಡದ ಶಕಟರೇಫ ಕೂತಿದೆಯೆಂಬುದು ಪಂಪನ ಓದುಗರಿಗೆ ಹಿತವೆನಿಸೀತು. ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಇದು ಎರಡೂ ಭಾಷೆಗೆ ಸಿಗುತ್ತದೆ. ಬೇರೆ ತಂತ್ರಾಂಶ ಬೇಕಿಲ್ಲ.

ಇಷ್ಟಿದ್ದೂ ಇನ್‌ಸ್ಕ್ರಿಪ್ಟ್ ಗಡಿಯವರ ಕೈಗೆ ಬಾರದೆ ಹೋದದ್ದಕ್ಕೆ ಕಾರಣ, ಒಂದೊಂದು ರಾಜ್ಯವೂ ಒಂದೇ ಭಾಷೆಯ ಪ್ರಜೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ತನ್ನ ಮಾನಕವನ್ನು ಆರಿಸಿಕೊಂಡದ್ದೇ ಇರಬೇಕು. ಅದು ತಪ್ಪೇನಲ್ಲ, ಆದರೆ 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿ, ಪಕ್ಕದ ತಾಳವಾಡಿ ಮದರಾಸಿನಲ್ಲೇ ಉಳಿದಾಗಿನಿಂದ ಎರಡು ಭಾಷೆಯಲ್ಲಿ ಬದುಕುತ್ತಿರುವವರು ಆ ಲೆಕ್ಕದಿಂದ ಹೊರಗುಳಿದರು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಅಭ್ಯಾಸ ಈಗ ಎಲ್ಲರಿಗೂ ಇರುವಾಗ ಇನ್ನೊಂದು ವಿನ್ಯಾಸವನ್ನು ಕಲಿಯುವುದೇಕೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ನಾಲ್ಕು ಸಾಲಿನ ಸಂದೇಶಕ್ಕೆ ಅದು ಸಾಕು. ನಾಲ್ಕು ಪುಟದ ಬರಹಕ್ಕೆ ಕೂತಾಗ ಲ, ಳಗಳಿಗೂ ಹ್ರಸ್ವ, ದೀರ್ಘಗಳಿಗೂ ಪ್ರತಿ ಪದದಲ್ಲೂ ಯಂತ್ರ ಕೊಡುವ ಆಯ್ಕೆಗಳನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ತಮಿಳಿನಲ್ಲಿ ಮೂರು ಬಗೆಯ ನಕಾರ, ಣಕಾರಗಳಿರುವುದರಿಂದ ಅಲ್ಲಿ ತೊಂದರೆ ಇನ್ನೂ ಹೆಚ್ಚು.

ಮನೆಯ ಹಳೆಯ ಕಡತಗಳನ್ನು ಹೊಸ ಯಂತ್ರಕ್ಕೆ ತರುವ ಕೆಲಸ ಇನ್ನು ಉಳಿದದ್ದು. ಯೂನಿಕೋಡ್, ಎಂದರೆ ಜಗತ್ತಿನ ಲಿಪಿಗಳ ಅಕ್ಷರಕ್ಕೆಲ್ಲ ಪ್ರತ್ಯೇಕ ಸಂಖ್ಯೆ ಕೊಡುವ ಸಂಕೇತಕ್ರಮ, ರೂಢಿಗೆ ಬರುವ ಮೊದಲು ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಕನ್ನಡವಾಗಲಿ, ವಾನವಿಲ್ ಫಾಂಟಿನಲ್ಲಿ ಬರೆದ ತಮಿಳಾಗಲಿ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಕಡತ ಕೆಟ್ಟಿದೆಯೆಂದು ಅಳಿಸಿಬಿಡುವವರುಂಟು; ಕೆಟ್ಟಿರುವುದಿಲ್ಲ. ಪರಿವರ್ತಕ ಎಂಬ ಸಣ್ಣ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳಬಹುದು, ಕನ್ನಡಕ್ಕೆ ಬೇರೆ, ತಮಿಳಿಗೆ ಬೇರೆ. ತಿರುಗಿಸಿದ ಮೇಲೆ ಅರ್ಕಾವತ್ತನ್ನೂ ಒತ್ತಕ್ಷರಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಬೇಕು, ತಪ್ಪುಗಳು ಸಾಮಾನ್ಯವಾಗಿ ಉಳಿಯುವುದು ಅಲ್ಲಿಯೇ. ಗಡಿಯ ಎರಡೂ ಬದಿಯಲ್ಲಿ ಜಮೀನಿರುವ ಮನೆಗಳಲ್ಲಿ ತಮಿಳಿನ ಪಟ್ಟಾ ಒಂದು ಕಡೆಯಿಂದ, ಭೂಮಿ ಯೋಜನೆಯ ಕನ್ನಡದ ಪಹಣಿ ಇನ್ನೊಂದು ಕಡೆಯಿಂದ ಪಿಡಿಎಫ್ ಆಗಿ ಇಳಿಯುತ್ತವೆ. ಅವುಗಳ ಕಡತಕ್ಕೆ ಎರಡೂ ಲಿಪಿಗಳಲ್ಲಿ ಹೆಸರಿಟ್ಟರೆ ಮುಂದೆ ಸರ್ವೆ ನಂಬರ್ ಹುಡುಕುವವರಿಗೆ, ಅವರು ಯಾವ ಭಾಷೆಯಲ್ಲಿ ಹುಡುಕಿದರೂ, ಅನುಕೂಲ.