ಚಪ್ಪಲಿ ಕಾಯದ ಅಮ್ಮ

ಕೊಲರಾಡೋದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನಲ್ಲಿ ಸ್ಪ್ರೇಗ್ ಲೇಕ್ ಅಂತ ಇದೆ. ಲೇಕ್ ಅನ್ನೋದು ಹೆಸರಿಗಷ್ಟೇ, ನಮ್ಮೂರ ಕೆರೆಯೇ ಇದಕ್ಕಿಂತ ದೊಡ್ಡದು ಕಣ್ರೀ! ಏಬ್ನರ್ ಸ್ಪ್ರೇಗ್ ಅನ್ನೋನು ತನ್ನ ಲಾಡ್ಜಿಗೆ ಬಂದವರು ಮೀನು ಹಿಡೀಲಿ ಅಂತ ತೊರೆಗೆ ಕಟ್ಟೆ ಹಾಕಿ ಮಾಡಿದ್ದು. (1939ರಲ್ಲಿ ಈ ಪಾರ್ಕಿಗೆ ಮೊದಲ ಪ್ರವೇಶ ಶುಲ್ಕ ಕೊಟ್ಟವನೂ ಅವನೇ.)

ಹೋದ ವರ್ಷ ಅಪ್ಪ ಅಮ್ಮ ಬಂದಿದ್ದಾಗ ಅಲ್ಲಿಗೆ ಹೋಗಿದ್ವಿ. ಮಂಡಿ ನೋವು ಶುರುವಾದಾಗಿನಿಂದ ಯಾವ ಬೆಟ್ಟಕ್ಕೆ ಹೋದ್ರೂ ಅಮ್ಮನದು ಒಂದೇ ಕೆಲಸ, ಕೆಳಗೆ ಕೂತು ನಮ್ಮ ಚಪ್ಪಲಿ, ಬ್ಯಾಗು ಕಾಯೋದು. ಇಲ್ಲೂ "ನೀವು ಹೋಗ್ಬನ್ನಿ, ನಾನು ಕಾರಲ್ಲೇ ಇರ್ತೀನಿ" ಅಂದಳು.

ಬಿಡಲಿಲ್ಲ. ಪೂರ್ತಿ ಸುತ್ತು ಒಂದು ಮೈಲಿಗೂ ಕಮ್ಮಿ. ಮೆಟ್ಟಿಲಿಲ್ಲ, ಸಮತಟ್ಟಾದ ಜಲ್ಲಿ ದಾರಿ, ಜೌಗು ಇರೋ ಕಡೆ ಮರದ ಹಲಗೆ. ವೀಲ್‌ಚೇರ್ ಕೂಡ ಹೋಗುತ್ತೆ. ವೀಲ್‌ಚೇರಿನವರು ರಾತ್ರಿ ಟೆಂಟು ಹಾಕೋಕೂ ಜಾಗ ಮಾಡಿದ್ದಾರೆ. ಆದ್ರೆ ಎತ್ತರ ಸುಮಾರು 8,700 ಅಡಿ, ಮಂಡಿಗಿಂತ ಮೊದಲು ಉಸಿರು ಸೋಲುತ್ತೆ. ಕಂಡ ಕಂಡ ಬೆಂಚಲ್ಲೆಲ್ಲಾ ಕೂತ್ವಿ. ನೀರಲ್ಲಿ ಹ್ಯಾಲೆಟ್ ಪೀಕ್ ತಲೆಕೆಳಗಾಗಿ ನಿಂತಿತ್ತು... ಅಮ್ಮ ಮಾತಾಡದೆ ನೋಡ್ತಾನೇ ಇದ್ದಳು.

ಸುತ್ತು ಮುಗಿಯೋ ಹೊತ್ತಿಗೆ ಸುಸ್ತಾದವರು ಅಪ್ಪ! "ನೀವಿಲ್ಲೇ ಬ್ಯಾಗ್ ನೋಡ್ಕೊಂಡಿರಿ" ಅಂತ ಅವರಿಗೆ ಹೇಳಿ, ಅಮ್ಮ ಮತ್ತೆ ಆ ಹಲಗೆಯ ಕಡೆಗೆ ಹೊರಟಳು.