ನಿಂತ ಹೃದಯವನ್ನು ಕಾಯುವುದು ಹೇಗೆ?

"ಆಪರೇಷನ್ ಸಮಯದಲ್ಲಿ ಸ್ವಲ್ಪ ಹೊತ್ತು ಹೃದಯವನ್ನು ನಿಲ್ಲಿಸಬೇಕಾಗುತ್ತದೆ." ವೈದ್ಯರ ಬಾಯಿಂದ ಈ ಮಾತನ್ನು ಕೇಳಿದವರಲ್ಲಿ ನೀವೂ ಒಬ್ಬರಾಗಿದ್ದರೆ ಆ ಕ್ಷಣದ ಭಯ ಎಂತಹದ್ದೆಂದು ನಾನು ಹೇಳಬೇಕಾಗಿಲ್ಲ. ಕೇಳದವರು ಭಾಗ್ಯವಂತರು. ಆದರೆ ನಾಳೆ ಯಾರ ಮನೆಗೆ ಆ ಮಾತು ಬರುತ್ತದೋ ಬಲ್ಲವರಾರು?

2017ರಲ್ಲಿ ನನ್ನ ತಂಗಿಗೆ ಹೃದಯದ ಮೈಟ್ರಲ್ ಕವಾಟ ಬದಲಿಸಬೇಕಾಗಿ ಬಂತು. ಆಗ ಅವಳಿಗೆ 34 ವರ್ಷ, ಇಬ್ಬರು ಮಕ್ಕಳು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಉಮ್ಮ ನನ್ನ ಕೈ ಹಿಡಿದು, "ನೀನು ಓದಿದವಳಲ್ಲವಾ ಮಗಳೇ, ಹೃದಯ ನಿಂತ ಮೇಲೆ ಮನುಷ್ಯ ಬದುಕಿರುವುದುಂಟಾ?" ಎಂದು ಕೇಳಿದರು. ಮದರಸದಲ್ಲಿ ನಾನು ಕಲಿತದ್ದು ಕುರ್‌ಆನ್, ಹದೀಸ್. ಬಿ.ಎ.ಯಲ್ಲಿ ಕಲಿತದ್ದು ಇತಿಹಾಸ. ಉಮ್ಮನಿಗೆ ಉತ್ತರ ಕೊಟ್ಟವಳು ಹಾರ್ಟ್-ಲಂಗ್ ಯಂತ್ರವನ್ನು ನಡೆಸುವ ಯುವತಿ. ಪರ್‌ಫ್ಯೂಷನಿಸ್ಟ್ ಎಂದು ಆ ಕೆಲಸಕ್ಕೆ ಹೆಸರು. ಅವಳು ಉಮ್ಮನ ಮಂಚದ ಮೇಲೇ ಕುಳಿತು, ಯಾವ ಅವಸರವೂ ಇಲ್ಲದೆ ವಿವರಿಸಿದಳು. ಉಳಿದದ್ದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ.

ಹೃದಯ ನಿಂತಾಗ ಮಿದುಳಿಗೂ ಇತರ ಅಂಗಗಳಿಗೂ ರಕ್ತ ಕಳಿಸುವುದು ಆ ಯಂತ್ರ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಅಂತಹ ಯಂತ್ರದ ಸಹಾಯದಿಂದ 18 ವರ್ಷದ ಹುಡುಗಿಯೊಬ್ಬಳ ಹೃದಯದ ರಂಧ್ರವನ್ನು ಮುಚ್ಚಿದರು. ಆದರೆ ಒಂದು ತೊಡಕಿದೆ ನೋಡಿ. ಹೃದಯದೊಳಗೆ ರಕ್ತವಿಲ್ಲದೆ ಕೆಲಸ ಮಾಡಬೇಕಾದರೆ ಮಹಾಪಧಮನಿಗೆ ಕ್ಲಾಂಪ್ ಹಾಕಬೇಕು. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳು ಹೊರಡುವುದು ಆ ಮಹಾಪಧಮನಿಯ ಬುಡದಿಂದಲೇ. ಹಾಗಾಗಿ ಇಡೀ ದೇಹಕ್ಕೆ ರಕ್ತ ಸಿಗುತ್ತದೆ, ಹೃದಯಕ್ಕೆ ಮಾತ್ರ ಸಿಗುವುದಿಲ್ಲ. ಮನೆಮಂದಿಗೆಲ್ಲ ಬಡಿಸಿ ತಾನು ಹಸಿದು ಕೂರುವ ಹೆಂಗಸಿನ ಹಾಗೆ!

ಆ ಹಸಿವು ಸಣ್ಣದಲ್ಲ. ಹೃದಯ ಸ್ನಾಯುವಿನ ಜೀವಕೋಶಗಳು ಒಮ್ಮೆ ಸತ್ತರೆ ಅವುಗಳ ಜಾಗದಲ್ಲಿ ಹೊಸವು ಹುಟ್ಟುವುದು ತೀರಾ ಅಪರೂಪ. ಅಲ್ಲಿ ಉಳಿಯುವುದು ಬರೀ ಗಾಯದ ಕಲೆ. ಆರಂಭದ ವರ್ಷಗಳಲ್ಲಿ ಕವಾಟವೇನೋ ಸರಿಯಾಗುತ್ತಿತ್ತು, ಆದರೆ ಕೆಲವರ ಹೃದಯ ಮತ್ತೆ ಬಡಿಯುತ್ತಲೇ ಇರಲಿಲ್ಲ. ಕೋಶಗಳಲ್ಲಿದ್ದ ಶಕ್ತಿಯೆಲ್ಲ ಮುಗಿದು ಸ್ನಾಯು ಬಿಗಿದುಕೊಂಡು ಗಟ್ಟಿಯಾಗಿಬಿಡುತ್ತಿತ್ತು. 1972ರಲ್ಲಿ ಹ್ಯೂಸ್ಟನ್ನಿನ ಡಾ. ಡೆಂಟನ್ ಕೂಲಿ ಮತ್ತು ಅವರ ಸಂಗಡಿಗರು ಇದಕ್ಕಿಟ್ಟ ಹೆಸರು 'ಕಲ್ಲು ಹೃದಯ'. ಹೃದಯ ಕಲ್ಲಾಗುವ ಬಗ್ಗೆ ತರಗತಿಯಲ್ಲಿ ಎಷ್ಟು ಬಾರಿ ಪಾಠ ಹೇಳಿದ್ದೇನೋ. ಅದು ನಿಜವಾಗಿ ಕಲ್ಲಾಗುತ್ತದೆಂದು ಓದಿದ ದಿನ ಮೈ ಜುಮ್ಮೆಂದಿತು.

ಇದಕ್ಕೆ ಪರಿಹಾರವಾಗಿ ಬಂದದ್ದು ಪೊಟ್ಯಾಸಿಯಂ. ಮೂತ್ರಪಿಂಡದ ರೋಗಿಗಳಿಗೆ ಎಳನೀರು ಬೇಡವೆನ್ನುವುದನ್ನು ನೀವು ಕೇಳಿರಬಹುದು. ಅದರಲ್ಲಿ ಇದೇ ಲವಣ ಹೆಚ್ಚಿದೆ, ರಕ್ತದಲ್ಲಿ ಅದು ಏರಿದರೆ ಹೃದಯ ನಿಲ್ಲಬಹುದು. ಜೀವಕೋಶದ ಒಳಗೆ ಪೊಟ್ಯಾಸಿಯಂ ಬಹಳ, ಹೊರಗೆ ಕಡಿಮೆ. ಬಡಿತಕ್ಕೆ ಬೇಕಾದ ವಿದ್ಯುತ್ ಸಂಕೇತಕ್ಕೆ ಈ ಅಂತರವೇ ಆಧಾರ. ಹೊರಗಿನ ಪೊಟ್ಯಾಸಿಯಂ ಹೆಚ್ಚಿಸಿದರೆ ಸಂಕೇತ ಹುಟ್ಟುವುದಿಲ್ಲ. ಹೃದಯ ಬಿಗಿದುಕೊಳ್ಳದೆ, ಸಡಿಲಗೊಂಡ ಸ್ಥಿತಿಯಲ್ಲಿ ನಿಲ್ಲುತ್ತದೆ. ಹಾಗೆ ನಿಂತ ಹೃದಯಕ್ಕೆ ಬೇಕಾಗುವ ಆಮ್ಲಜನಕ, ದುಡಿಯುವ ಹೃದಯಕ್ಕೆ ಬೇಕಾದದ್ದರ ಸುಮಾರು ಹತ್ತನೇ ಒಂದು ಪಾಲು ಮಾತ್ರ. ತಣ್ಣಗೆ ಮಾಡಿದರೆ ಇನ್ನೂ ಕಡಿಮೆ. ರೋಗಕ್ಕೆ ಕಾರಣವಾಗುವ ವಸ್ತುವೇ ಹದವರಿತು ಕೊಟ್ಟಾಗ ರಕ್ಷಣೆಯಾಗುವುದೆಂದರೆ ಅಚ್ಚರಿಯಲ್ಲವೇ?

ಆ ಹದ ಸುಲಭವಾಗಿ ಸಿಕ್ಕಿದ್ದಲ್ಲ. 1955ರಲ್ಲಿ ಲಂಡನ್ನಿನ ಡಾ. ಮೆಲ್ರೋಸ್ ಪೊಟ್ಯಾಸಿಯಂ ಸಿಟ್ರೇಟ್ ಬಳಸುವ ವಿಧಾನವನ್ನು ಮುಂದಿಟ್ಟರು. ಅದು ಬಹಳ ತೀಕ್ಷ್ಣವಾಗಿದ್ದುದರಿಂದ ಸ್ನಾಯುವಿಗೇ ಹಾನಿಯಾಗುತ್ತದೆಂದು ತಿಳಿದು ಹೆಚ್ಚಿನವರು ಅದನ್ನು ಕೈಬಿಟ್ಟರು. 1970ರ ದಶಕದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯವರು ಪೊಟ್ಯಾಸಿಯಂ ಪ್ರಮಾಣ ತಗ್ಗಿಸಿ, ಮೆಗ್ನೀಸಿಯಂ ಸೇರಿಸಿದ ದ್ರಾವಣ ಸಿದ್ಧಪಡಿಸಿದರು. ಅದೇ ದಶಕದ ಕೊನೆಗೆ ಲಾಸ್ ಏಂಜಲೀಸ್‌ನ ಡಾ. ಜೆರಾಲ್ಡ್ ಬಕ್‌ಬರ್ಗ್ ಇಂತಹ ದ್ರಾವಣವನ್ನು ರೋಗಿಯ ರಕ್ತದಲ್ಲೇ ಬೆರೆಸಿ ಕೊಡುವ ಕ್ರಮವನ್ನು ಬೆಳೆಸಿದರು. ಇದಕ್ಕೆ ಕಾರ್ಡಿಯೋಪ್ಲೀಜಿಯಾ ಎನ್ನುತ್ತಾರೆ. ಸಾಮಾನ್ಯವಾಗಿ ಸುಮಾರು 20 ನಿಮಿಷಗಳಿಗೊಮ್ಮೆ ಅದನ್ನು ಮತ್ತೆ ಕೊಡಬೇಕು. ಒಮ್ಮೆ ಕೊಟ್ಟರೆ ಒಂದು ಗಂಟೆಗೂ ಹೆಚ್ಚು ಸಾಕಾಗುವ ದ್ರಾವಣಗಳೂ ಈಗ ಇವೆ.

ಇನ್ನೊಂದು ಅಪಾಯ ಕೊನೆಯಲ್ಲಿದೆ. ಹಸಿದ ಸ್ನಾಯುವಿಗೆ ರಕ್ತ ಒಮ್ಮೆಲೇ ನುಗ್ಗಿದರೆ ಕೋಶಗಳೊಳಗೆ ಕ್ಯಾಲ್ಸಿಯಂ ತುಂಬಿ ಹೊಸ ಹಾನಿಯಾಗಬಹುದು. ಆದ್ದರಿಂದ ಒತ್ತಡವನ್ನು ಹಿಡಿತದಲ್ಲಿಟ್ಟು ನಿಧಾನವಾಗಿ ರಕ್ತ ಬಿಡುತ್ತಾರೆ. ಎಷ್ಟೋ ಹೃದಯಗಳು ಆಗ ತಾವಾಗಿಯೇ ಬಡಿಯತೊಡಗುತ್ತವೆ. ಕೆಲವಕ್ಕೆ ಸಣ್ಣದೊಂದು ವಿದ್ಯುತ್ ಆಘಾತ ಬೇಕಾಗುತ್ತದೆ. ತಂಗಿಯ ಹೃದಯ 71 ನಿಮಿಷ ನಿಂತಿತ್ತು. ಅಲ್‌ಹಮ್ದುಲಿಲ್ಲಾಹ್, ಅದು ತಾನಾಗಿಯೇ ಹೊರಟಿತು ಎಂದು ಆ ಯುವತಿ ಹೊರಬಂದು ಹೇಳಿದಳು. ಉಮ್ಮ ಅವಳ ತಲೆ ಸವರಿದರು.

ತಂಗಿಯ ಕವಾಟ ಹಾಳಾದುದಕ್ಕೆ ಕಾರಣ ಬಾಲ್ಯದ ಗಂಟಲು ನೋವು ಎಂದರೆ ನೀವು ನಂಬುವಿರಾ? ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನ ಸೋಂಕು, ಅದರ ಹಿಂದೆ ಬಂದ ರುಮ್ಯಾಟಿಕ್ ಜ್ವರ, ಕೀಲುಗಳ ಊತ. ಬೆಳೆಯುವ ಮಕ್ಕಳ ನೋವೆಂದು ಎಲ್ಲರೂ ಬಿಟ್ಟಿದ್ದರು. ಇಂತಹ ಕವಾಟದ ತೊಂದರೆ ಹೆಂಗಸರಲ್ಲೇ ಹೆಚ್ಚು, ಎಷ್ಟೋ ಮಂದಿಗೆ ಮೊದಲ ಬಾರಿ ತಿಳಿಯುವುದು ಬಸುರಿಯಾಗಿ ಏದುಸಿರು ಬಿಡುವಾಗ. ಸಕಾಲಕ್ಕೆ ಪೆನಿಸಿಲಿನ್ ಸಿಕ್ಕಿದರೆ ಈ ಜ್ವರವನ್ನೇ ತಡೆಯಬಹುದು. ತಂಗಿಯ ಮಕ್ಕಳಲ್ಲಿ ಯಾರಾದರೂ ಜ್ವರದೊಂದಿಗೆ ಗಂಟಲು ನೋವೆಂದರೆ ಅವಳು ಅಂದೇ ಬುರ್ಖಾ ತೊಟ್ಟು ಆಸ್ಪತ್ರೆಗೆ ಹೊರಡುತ್ತಾಳೆ.