ಮಡ್ಡಿ ನೆಲದ ವಿಮರ್ಶಕರು

ಬೈಕ್ ಆಟದ ಬಗ್ಗೆ ಮಾತಾಡುವ ಅಧಿಕಾರ ಅರಕೇರಿಯ ಹುಡುಗರಿಗೆ ನೆಲದಿಂದಲೇ ಬಂದಿತ್ತು. ಊರಿನ ಒಂದು ಮಗ್ಗುಲಿಗೆ ಎರಿ ಹೊಲ, ಇನ್ನೊಂದು ಮಗ್ಗುಲಿಗೆ ಕಲ್ಲು ತುಂಬಿದ ಮಡ್ಡಿ. ನಡುವೆ ಬಂಡಿ ಜಾಡು, ಹಳ್ಳ, ಒಡ್ಡು, ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ. ಅಮೋಘಸಿದ್ಧನ ಜಾತ್ರೆ ಬಂತೆಂದರೆ ಭಂಡಾರ ಹಚ್ಚಿಕೊಂಡ ಮಂದಿ, ಡೊಳ್ಳು, ಪಲ್ಲಕ್ಕಿಗಳ ಜೊತೆಗೆ ಎಲ್ಲೆಲ್ಲಿಂದಲೋ ಮೋಟಾರ್ ಸೈಕಲ್ಲುಗಳೂ ಬರುತ್ತಿದ್ದವು. ರಾಜದೂತ್, ಎಜ್ಡಿ, ಎಂ-80, ಹೀರೋ ಹೋಂಡಾ. ಯಾವ ಗಾಡಿ ಮಡ್ಡಿ ಏರುತ್ತದೆ, ಯಾವುದು ಅರ್ಧದಲ್ಲಿ ಉಸಿರು ಬಿಡುತ್ತದೆ ಎಂಬುದನ್ನು ನಾವು ಒಡ್ಡಿನ ಮೇಲೆ ಕೂತು ನೋಡಿ ಕಲಿತವರು.

ತೊಂಬತ್ತರ ದಶಕದ ನಡುವೆ ಊರಿಗೆ ಟಿವಿ ಗೇಮ್ ಬಂತು. ಮಾಮಾನ ಮಗ ಬಿಜಾಪುರದಿಂದ ತಂದದ್ದು. (ಬಿಜಾಪುರಕ್ಕೆ ವಿಜಯಪುರ ಎಂಬ ಹೆಸರು ಅಧಿಕೃತವಾಗಿದ್ದು 2014ರ ನವೆಂಬರ್ 1ರಂದು. ಆಗಿನ ಮಾತು ಬರೆಯುವಾಗ ಬಿಜಾಪುರ ಎಂದೇ ಕೈಗೆ ಬರುತ್ತದೆ.) ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿತ್ತು, ಒಳಗೆ ಅವೇ ಹತ್ತಾರು ಆಟ ಬೇರೆ ಬೇರೆ ಹೆಸರಿನಲ್ಲಿ ತಿರುಗಿ ಬರುತ್ತಿದ್ದವು. ಅವುಗಳಲ್ಲಿ ಒಂದು ಎಕ್ಸೈಟ್‌ಬೈಕ್. ನಿಂಟೆಂಡೊ ಕಂಪನಿ 1984ರಲ್ಲಿ ಜಪಾನಿನಲ್ಲಿ ತಂದ ಆಟ, ಮಾಡಿದವರು ಶಿಗೆರು ಮಿಯಾಮೊಟೊ ಎಂಬುದೆಲ್ಲ ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಆಗ ನಮಗೆ ಅದು 'ಜಿಗಿಯೋ ಬೈಕಿನ ಆಟ'.

ಆ ಆಟದಲ್ಲಿ ಎರಡು ಗುಂಡಿ. ಒಂದು ಒತ್ತಿದರೆ ಸಾದಾ ವೇಗ, ಇನ್ನೊಂದಕ್ಕೆ ಬಿರುಸು ವೇಗ. ಬಿರುಸಿನ ಗುಂಡಿಯನ್ನೇ ಹಿಡಿದುಕೊಂಡರೆ ಕೆಳಗಿನ ಪಟ್ಟಿಯಲ್ಲಿ ಇಂಜಿನ್ನಿನ ಕಾವು ಏರುತ್ತ ಹೋಗಿ, ತುಂಬಿದ ಕೂಡಲೇ ಗಾಡಿ ಹಾದಿಯ ಬದಿಗೆ ನಿಂತುಬಿಡುತ್ತಿತ್ತು. ಆರುವ ತನಕ ಕಾಯಬೇಕು. ಉಳಿದವರು ಮುಂದೆ ಹೋಗುವುದನ್ನು ನೋಡುತ್ತ ಕೂಡಬೇಕು. ನಮ್ಮ ಕಾಕಾನ ಹತ್ತಿರ ಎಜ್ಡಿ ರೋಡ್‌ಕಿಂಗ್ ಇತ್ತು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿನಲ್ಲಿ ಆಯಿಲ್ ಕಲಸಿ ಹಾಕಬೇಕು, ಆಯಿಲ್ ಕಡಿಮೆ ಬಿದ್ದು ಬಿಸಿಲಲ್ಲಿ ಎಳೆದರೆ ಇಂಜಿನ್ ಸೀಜ್ ಆಗುತ್ತದೆ. ಕಾಕಾ ಒಂದು ಸಂಜೆ ಬಾಗಿಲಲ್ಲಿ ನಿಂತು ನಮ್ಮ ಆಟ ನೋಡಿದ. ಕಾವಿನ ಪಟ್ಟಿ ತುಂಬಿ ಗಾಡಿ ನಿಂತಾಗ, "ಇದನ್ನ ಮಾಡಿದಾಂವ ಖರೇನ ಗಾಡಿ ಹೊಡದಾನ ನೋಡ್ರಲೇ" ಅಂದ. ನಾನು ಕೇಳಿದ ಮೊದಲ ಆಟದ ವಿಮರ್ಶೆ ಅದು. ಇವತ್ತಿಗೂ ಅದಕ್ಕಿಂತ ನೇರವಾದದ್ದನ್ನು ಓದಿಲ್ಲ.

ಅದೇ ಆಟದೊಳಗೆ ನಮ್ಮದೇ ಹಾದಿ ಕಟ್ಟುವ ಅನುಕೂಲವೂ ಇತ್ತು. ಎಲ್ಲಿ ದಿಬ್ಬ, ಎಲ್ಲಿ ಕೆಸರು ಎಂದು ಒಂದೊಂದಾಗಿ ಜೋಡಿಸುತ್ತ ಕೂಡುತ್ತಿದ್ದೆವು. ಕರೆಂಟ್ ಹೋದರೆ ಎಲ್ಲವೂ ಹೋಯಿತು. ಕಟ್ಟಿದ ಹಾದಿಯನ್ನು ಉಳಿಸಿಡಲು ಜಪಾನಿನಲ್ಲಿ ಮಾತ್ರ ಮಾರಿದ ಬೇರೆ ಯಂತ್ರವೊಂದು ಬೇಕಿತ್ತಂತೆ. ನಮ್ಮ ಗುಂಪಿನಲ್ಲಿ ಚಿತ್ರ ಚಲೋ ತೆಗೆಯುವ ಒಬ್ಬನಿದ್ದ. ಅವನು ಹಳೆಯ ಗಣಿತದ ನೋಟ್‌ಬುಕ್ಕಿನ ಹಿಂಬದಿಗೆ ಹಾದಿಯನ್ನೆಲ್ಲ ಬರೆದಿಡುತ್ತಿದ್ದ. ಚೌಕದ ಹಾಳೆ. ಒಂದು ಮನೆಗೆ ಒಂದು ದಿಬ್ಬ, ಕೆಸರಿಗೆ ಅಡ್ಡ ಗೆರೆ, ಕಾವು ಇಳಿಸುವ ಬಾಣಕ್ಕೆ ಕೆಂಪು ಪೆನ್ನು. ಪ್ರತಿ ಹಾದಿಗೂ ಊರಿನ ಹೆಸರು: ಹಳ್ಳದ ಹಾದಿ, ಖಣಿ ಹಾದಿ, ಗುಡಿ ಹಾದಿ.

ದೊಡ್ಡ ಜಗಳಗಳು ಶುರುವಾದದ್ದು ಕಂಪ್ಯೂಟರ್ ಬಂದ ಮೇಲೆ. 2000ದ ಆಸುಪಾಸಿನಲ್ಲಿ ಬಿಜಾಪುರದಲ್ಲಿ ತಾಸಿಗೆ ಇಷ್ಟು ಎಂದು ರೊಕ್ಕ ಕೊಟ್ಟು ಆಡುವ ಅಂಗಡಿಗಳಾದವು. ರವಿವಾರ ಟಂಟಂನಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋಗುತ್ತಿದ್ದೆವು. ಅಲ್ಲಿ ಎಲ್ಲರ ಬಾಯಲ್ಲೂ ರೋಡ್ ರ‍್ಯಾಶ್. ಡಾಂಬರು ರಸ್ತೆ, ಸರಪಳಿ, ಒದೆತ, ಹಿಂದೆ ಪೊಲೀಸ್. ನಮ್ಮಲ್ಲೂ ಅರ್ಧ ಮಂದಿ ಅದಕ್ಕೇ ಅಂಟಿಕೊಂಡರು. ನಾನೂ ನನ್ನ ಮಾಮಾನ ಮಗನೂ ಮೂಲೆಯ ಕಂಪ್ಯೂಟರಿನಲ್ಲಿದ್ದ ಮೋಟೊಕ್ರಾಸ್ ಮ್ಯಾಡ್ನೆಸ್‌ಗೆ ಸೋತೆವು. ಅಮೆರಿಕದ ರೇನ್‌ಬೋ ಸ್ಟುಡಿಯೋಸ್ ಮಾಡಿ, ಮೈಕ್ರೋಸಾಫ್ಟ್ 1998ರಲ್ಲಿ ಹೊರತಂದ ಆಟ ಅದು.

ಅದರಲ್ಲಿ ನೆಲ ಇತ್ತು. ಇಷ್ಟೇ ಹೇಳಿದರೂ ಸಾಕು. ಅಲ್ಲಿಯ ತನಕ ನಾವು ಕಂಡ ಬೈಕ್ ಆಟಗಳಲ್ಲಿ ಹಾದಿ ಬಿಟ್ಟು ಹೊರಗೆ ಕಾಲಿಡಲು ಆಗುತ್ತಿರಲಿಲ್ಲ. ಮೋಟೋ ರೇಸರ್‌ನಲ್ಲಿ ಮಣ್ಣಿನ ಹಾದಿಗಳಿದ್ದರೂ ಅವು ಎರಡು ಗೋಡೆಗಳ ನಡುವಿನ ಓಣಿಗಳೇ. ಇಲ್ಲಿ ಬಾಹಾ ಎಂಬ ಸ್ಪರ್ಧೆಯಲ್ಲಿ ಬಯಲಿನ ಮೇಲೆ ದೂರ ದೂರ ನೆಟ್ಟ ಗೇಟುಗಳು ಮಾತ್ರ, ಅವುಗಳ ನಡುವೆ ಯಾವ ದಾರಿ ಹಿಡಿಯುವುದೆಂಬುದು ನಮ್ಮ ಇಷ್ಟ. ಒಡ್ಡು ಹಾರಿ ಹೋಗುತ್ತೀಯೋ, ತಗ್ಗಿನಿಂದ ಸುತ್ತುತ್ತೀಯೋ? ಹೊಲಕ್ಕೆ ಹೋಗುವಾಗ ದಿನಾ ಎದುರಾಗುತ್ತಿದ್ದ ಪ್ರಶ್ನೆಯೇ ಅದು. ಹೊರದೇಶದ ಪತ್ರಿಕೆಗಳು ಆಗ ಈ ಆಟವನ್ನು ಮೆಚ್ಚಿದ್ದೂ ಮುಖ್ಯವಾಗಿ ಆ ವಿಸ್ತಾರದ ನೆಲಕ್ಕೆ, ಗಾಡಿ ಮಣ್ಣಿನ ಮೇಲೆ ಕುಪ್ಪಳಿಸುವ ರೀತಿಗೆ. ಕಸರತ್ತು ಮಾಡಲು ಅದರಲ್ಲೊಂದು ಖಣಿಯೂ ಇತ್ತು. ಅದನ್ನು ಮೊದಲ ಸಲ ತೆರೆದಾಗ ನನ್ನ ಪಕ್ಕದಲ್ಲಿದ್ದವನು, "ಲೇ, ನಮ್ಮೂರ ಖಣಿ!" ಎಂದು ಕೂಗಿದ್ದಕ್ಕೆ ಅಂಗಡಿಯವರು ಗದರಿಸಿದ್ದರು.

ಬಯಲಿನ ಅಂಚಿನಲ್ಲಿ ಎತ್ತರದ ಕಡಿದಾದ ಗುಡ್ಡ. ಹೆಣಗಾಡಿ ಅದರ ತುದಿ ಹತ್ತಿ ಆಚೆ ಹೋದರೆ, ಕಾಣದ ತೋಪೊಂದು ಢಮ್ಮೆಂದು ಹಾರಿಸಿ ಗಾಡಿಯನ್ನೂ ಸವಾರನನ್ನೂ ಬಯಲಿಗೆ ವಾಪಸ್ಸು ಎಸೆಯುತ್ತಿತ್ತು. ಇದರ ಬಗ್ಗೆ ನಮ್ಮಲ್ಲಿ ನಡೆದಷ್ಟು ವಾದ ಇನ್ನಾವುದರ ಬಗ್ಗೆಯೂ ನಡೆದಿಲ್ಲ. ಮಾಮಾನ ಮಗನಿಗೆ ಅದು ಆಟದ ಅತ್ಯಂತ ಸುಂದರ ಗಳಿಗೆ. ನನ್ನ ತಕರಾರು ಬೇರೆ: ಅಷ್ಟು ಕಷ್ಟಪಟ್ಟು ಗುಡ್ಡ ಏರಿದವನಿಗೆ ಆಚೆ ಏನಿದೆ ಎಂದು ತೋರಿಸಬೇಕು. ಮಡ್ಡಿ ಏರಿದರೆ ಆಚೆ ಇನ್ನೊಂದು ಊರು ಕಾಣುತ್ತದೆ, ಅದಕ್ಕೇ ಏರುವುದು. ಈ ವಾದ ಟಂಟಂನಲ್ಲಿ ಮುಂದುವರಿದು, ಊರಿನ ಕಟ್ಟೆಗೆ ಬಂದು, ಮುಂದಿನ ರವಿವಾರದ ತನಕ ಮುಗಿಯುತ್ತಿರಲಿಲ್ಲ.

ಕಟ್ಟೆಯ ಮೇಲೆ ಆಟದ ಪ್ರತಿಯೊಂದು ತಪ್ಪೂ ಲೆಕ್ಕಕ್ಕೆ ಬರುತ್ತಿತ್ತು. ಟ್ರ್ಯಾಕ್ಟರ್ ಹೊಡೆಯುವ ಅಣ್ಣನೊಬ್ಬನದು ಮಣ್ಣಿನ ಮೇಲಿನ ಆಕ್ಷೇಪ. "ಮಳಿ ಆದ ಮ್ಯಾಲ ಎರಿ ಹೊಲದಾಗ ಈ ಗಾಡಿ ಹತ್ತ ಮಾರು ಹೋಗಲಿ, ನಾ ಒಪ್ಪತೀನಿ" ಅನ್ನುತ್ತಿದ್ದ. ಅವನ ಮಾತು ಸರಿ. ನಮ್ಮ ಕಡೆಯ ಕರಿ ಮಣ್ಣು ಒದ್ದೆಯಾದರೆ ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದಂತೆ ಮಾಡುತ್ತದೆ. ಆಮೇಲೆ ಕಡ್ಡಿ ಹಿಡಿದು ಕೆರೆದು ತೆಗೆಯುವುದೇ ಕೆಲಸ. ಪಂಕ್ಚರ್ ತೆಗೆಯುವವನ ಮಗ ಜಾಲಿ ಮುಳ್ಳಿಲ್ಲದ ಬಯಲನ್ನು ಒಪ್ಪಲಿಲ್ಲ. ಪೆಟ್ರೋಲ್ ತೀರದ ಗಾಡಿ ಯಾವ ಗಾಡಿ ಎಂದು ಇನ್ನೊಬ್ಬ. ಹೊಗಳಿಕೆಯೂ ಅಷ್ಟೇ ಕರಾರುವಾಕ್ಕು: ದಿಬ್ಬದ ಮೇಲಿಂದ ಹಾರಿದಾಗ ಮುಂದಿನ ಗಾಲಿ ಮೊದಲು ಇಳಿದರೆ ಏನಾಗುತ್ತದೆ ಎಂಬುದನ್ನು ಆಟ ಸರಿಯಾಗಿ ತೋರಿಸಿದೆ ಎಂದು ಎಲ್ಲರೂ ಒಮ್ಮತದಿಂದ ಒಪ್ಪಿದ್ದರು.

ಕಾಕಾ ಮತ್ತೊಂದು ಸಲ ಮಾತಾಡಿದ್ದು ಬಿದ್ದವನ ಬಗ್ಗೆ. ಆಟದಲ್ಲಿ ಸವಾರ ಗೊಂಬೆಯಂತೆ ಗಾಳಿಯಲ್ಲಿ ಉರುಳುತ್ತ ಹೋಗಿ ಬೀಳುತ್ತಾನೆ, ಮರುಕ್ಷಣ ಗಾಡಿಯ ಮೇಲಿರುತ್ತಾನೆ. ನಾವು ಬೇಕೆಂದೇ ಬೀಳಿಸಿ ನಗುತ್ತಿದ್ದೆವು ಎಂದು ಹೇಳಿದಾಗ ಕಾಕಾ, "ಬಿದ್ದ ಮನಶ್ಯಾ ಇಷ್ಟ ಲಗೂನ ಏಳಂಗಿಲ್ಲಪಾ" ಅಂದ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ದಕ್ಷಿಣ ಅಮೆರಿಕದ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿ, ಹಾಗೆ ಮುಗಿಸಿದ ಮೊದಲ ಭಾರತೀಯನಾದಾಗ ನಾವೆಲ್ಲ ಫೋನಿನಲ್ಲಿ ಕೂಗಾಡಿದೆವು. 2021ರಲ್ಲಿ ಅದೇ ಸಂತೋಷ್ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ ಸುದ್ದಿ ಬಂದ ದಿನ ಕಾಕಾನ ಮಾತು ನೆನಪಾಯಿತು. ಅದು ತೂಕದ ಮಾತು.

2000ದಲ್ಲಿ ಮೋಟೊಕ್ರಾಸ್ ಮ್ಯಾಡ್ನೆಸ್‌ನ ಎರಡನೆಯ ಭಾಗ ಬಂತು. ಬಯಲಿಗೆ ಗಿಡಮರ, ಮನೆ, ರಸ್ತೆಯ ಮೇಲೆ ವಾಹನ ಎಲ್ಲ ಸೇರಿದ್ದವು. ನೋಡಲು ಚೆಂದ, ಆದರೆ ಮೊದಲನೆಯದರ ಖಾಲಿ ಬಯಲು ಕೊಡುತ್ತಿದ್ದ ಹುರುಪು ನನಗೆ ಅದರಲ್ಲಿ ಸಿಗಲಿಲ್ಲ. ಮುಂದೆ ರೇನ್‌ಬೋ ಸ್ಟುಡಿಯೋಸನ್ನು ಟಿಎಚ್‌ಕ್ಯೂ ಕಂಪನಿ ಕೊಂಡಿತು, ಎಂಎಕ್ಸ್ ವರ್ಸಸ್ ಎಟಿವಿ ಎಂಬ ಸಾಲಿನ ಆಟಗಳು ಬಂದವು. ಅಷ್ಟರಲ್ಲಿ ನಾವು ಒಬ್ಬೊಬ್ಬರು ಒಂದೊಂದು ಕಡೆ. ಒಬ್ಬ ಪುಣೆ, ಒಬ್ಬ ಬೆಂಗಳೂರು, ಇಬ್ಬರು ಊರಲ್ಲೇ ದ್ರಾಕ್ಷಿ ಹಚ್ಚಿದರು. ಆಟದ ಅಂಗಡಿಗಳೂ ಮುಚ್ಚಿದವು.

ಈಗ ಭೇಟಿಯಾದಾಗ ಮೊದಲು ಬರುವ ಮಾತು ಆ ತೋಪಿನದೇ. ನನ್ನ ತೀರ್ಪು ಅಂದಿನದೇ ಇದೆ. ಇಂಜಿನ್ನನ್ನು ಅರಿತ ಆಟ ಎಕ್ಸೈಟ್‌ಬೈಕ್, ನೆಲವನ್ನು ಅರಿತ ಆಟ ಮೋಟೊಕ್ರಾಸ್ ಮ್ಯಾಡ್ನೆಸ್‌ನ ಮೊದಲ ಭಾಗ. ಎರಡನ್ನೂ ಅರಿತದ್ದು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ.

ನಾಟಕಕ್ಕೆ, ಸಿನಿಮಾಕ್ಕೆ ಕನ್ನಡದಲ್ಲಿ ಒಳ್ಳೆಯ ವಿಮರ್ಶೆಯ ಪರಂಪರೆ ಇದೆ. ಆಟಗಳ ಬಗ್ಗೆ ಅಂಥ ಬರಹ ನಾನು ಕಂಡದ್ದು ಬಹಳ ಕಡಿಮೆ. ಕಟ್ಟೆಯ ಮೇಲೆ ಆಡಿದ ಆ ಮಾತುಗಳನ್ನು ಆಗ ಯಾರೂ ಬರೆದಿಡಲಿಲ್ಲ. ಇವತ್ತು ಮೊಬೈಲಿನಲ್ಲಿ ಇಂಥ ಆಟ ಆಡುವ ಟಿಕೋಟಾ, ಬಬಲೇಶ್ವರ, ಅರಕೇರಿಯ ಹುಡುಗ ಹುಡುಗಿಯರು ತಮಗೆ ಸರಿ ಕಂಡದ್ದನ್ನೂ ತಪ್ಪು ಕಂಡದ್ದನ್ನೂ ತಮ್ಮ ಮಾತಿನಲ್ಲೇ ಬರೆಯಬೇಕು. ಎರಿ ಮಣ್ಣು ಗೊತ್ತಿದ್ದವರು ಹೇಳಬೇಕಾದ ಮಾತನ್ನು ಬೇರೆಯವರು ಹೇಳಲಾರರು.